ಗ್ಯಾರೇಜ್ ಬಾಗಿಲಿನ ಒಂದು ಪ್ಯಾನೆಲ್‌ಗೆ 875 ಡಾಲರ್: ನನ್ನ ಅನುಭವ

ಜನವರಿ 2025. ಚಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ ನಮ್ಮ ಮನೆ. ಮಗಳು ಕಾರು ಕಲಿಯುತ್ತಿದ್ದಳು. ನಮ್ಮ ಇಲಿನಾಯ್ ರಾಜ್ಯದಲ್ಲಿ 18 ತುಂಬದ ಮಕ್ಕಳಿಗೆ ಲೈಸೆನ್ಸ್ ಸಿಗಬೇಕಾದರೆ ದೊಡ್ಡವರ ಜೊತೆ 50 ಗಂಟೆ ಓಡಿಸಿರಬೇಕು, ಅದರಲ್ಲಿ 10 ಗಂಟೆ ರಾತ್ರಿ ಹೊತ್ತು. ಅವತ್ತು ಬೆಳಿಗ್ಗೆ ಅವಳು ಸ್ಟೀರಿಂಗ್ ಹಿಡಿದಿದ್ದಳು, ನಾನು ಪಕ್ಕದಲ್ಲಿದ್ದೆ. ಹೊರಗೆ ಕೊರೆಯುವ ಚಳಿ. ಗ್ಯಾರೇಜ್ ಬಾಗಿಲಿನ ಕೆಳಗಿನ ರಬ್ಬರ್ ಪಟ್ಟಿ ಕಾಂಕ್ರೀಟಿಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಗುಂಡಿ ಒತ್ತಿದರೆ ಬಾಗಿಲು ಒಮ್ಮೆ ಜಗ್ಗಿ ನಿಂತುಬಿಟ್ಟಿತು. ಇನ್ನೊಮ್ಮೆ ಒತ್ತಿದಳು. ಮೋಟರಿನ ಸದ್ದು ಕೇಳಿಸಿತು. ದಿನದ ಅಂದಾಜಿನಲ್ಲಿ ಬಾಗಿಲು ಮೇಲೆ ಹೋಗಿರುತ್ತದೆ ಎಂದುಕೊಂಡು ರಿವರ್ಸ್ ತೆಗೆದಳು. ನಾನೂ ಹಿಂದೆ ತಿರುಗಿ ನೋಡಲಿಲ್ಲ. ಅರ್ಧ ಎದ್ದಿದ್ದ ಬಾಗಿಲಿಗೆ ಕಾರಿನ ಹಿಂಭಾಗ ಹೋಗಿ ಗುದ್ದಿತು.

ಅವಳು ಅಳಲು ಶುರು ಮಾಡಿದಳು. ಮೊದಲು ಅವಳನ್ನು ಸಮಾಧಾನ ಮಾಡಿ ಆಮೇಲೆ ಇಳಿದು ನೋಡಿದೆ.

ನಮ್ಮದು ಎರಡು ಕಾರು ನಿಲ್ಲುವ ಗ್ಯಾರೇಜ್. ಬಾಗಿಲು 16 ಅಡಿ ಅಗಲ, 7 ಅಡಿ ಎತ್ತರ. ಅಡ್ಡಡ್ಡ ನಾಲ್ಕು ಪ್ಯಾನೆಲ್‌ಗಳು, ಒಂದೊಂದು 21 ಇಂಚು ಎತ್ತರ. ಎಲ್ಲಕ್ಕಿಂತ ಕೆಳಗಿನದು ಹೊರಕ್ಕೆ ಮಡಚಿಕೊಂಡಿತ್ತು. ಅದರ ಮೇಲಿನದರ ಅಂಚಿನಲ್ಲಿ ಒಂದೂವರೆ ಅಡಿ ಉದ್ದದ ನೆಗ್ಗು. ಬಲಗಡೆಯ ಎರಡು ರೋಲರ್‌ಗಳು ಟ್ರ್ಯಾಕ್‌ನಿಂದ ಹೊರಗೆ ಬಂದಿದ್ದವು. ಆ ಕಡೆಯ ಕೇಬಲ್ ಸಡಿಲವಾಗಿ ಜೋತಾಡುತ್ತಿತ್ತು. ಬಾಗಿಲು ಸೊಟ್ಟಗೆ ನಿಂತಿತ್ತು.

ಇಂಥ ಹೊತ್ತಿನಲ್ಲಿ ಕೈ ತಾನಾಗಿ ರಿಮೋಟ್ ಕಡೆ ಹೋಗುತ್ತದೆ. ದಯವಿಟ್ಟು ಒತ್ತಬೇಡಿ. ಬಾಗಿಲು ಎತ್ತುವ ಮೋಟರ್, ಅಂದರೆ ಓಪನರ್, ಎಳೆಯುವುದು ಎಲ್ಲಕ್ಕಿಂತ ಮೇಲಿನ ಪ್ಯಾನೆಲ್ಲನ್ನು. ಕೆಳಗೆ ಸಿಕ್ಕಿಹಾಕಿಕೊಂಡಿರುವ ಬಾಗಿಲನ್ನು ಅದು ಎಳೆದರೆ ಮೇಲಿನದೂ ಬಗ್ಗುತ್ತದೆ, ಆಗ ಖರ್ಚು ಇನ್ನೂ ಏರುತ್ತದೆ. ಹಾಗೆಯೇ ಬಾಗಿಲನ್ನು ಓಪನರ್‌ನಿಂದ ಬಿಡಿಸುವ ಕೆಂಪು ಹಗ್ಗವನ್ನೂ ಎಳೆಯಬೇಡಿ. ಬಾಗಿಲು ಮುಚ್ಚಿರುವಾಗ ಮಾತ್ರ ಅದನ್ನು ಎಳೆಯಬೇಕು. ಕೇಬಲ್ ಜಾರಿದ ಬಾಗಿಲನ್ನು ಓಪನರ್‌ನಿಂದ ಬಿಡಿಸಿದರೆ ಅದು ಧಡ್ ಎಂದು ಕೆಳಗೆ ಬೀಳಬಹುದು. ನಮ್ಮಂಥ ಬಾಗಿಲು ಸುಮಾರು 150 ಪೌಂಡ್ ತೂಗುತ್ತದೆ. ಪಕ್ಕದ ಮನೆಯವರು ಓಡಿ ಬಂದರು. ಇಬ್ಬರೂ ಸೇರಿ ಎರಡು ಟ್ರ್ಯಾಕ್‌ಗೂ ರೋಲರ್ ಕೆಳಗೆ ಒಂದೊಂದು ಲಾಕಿಂಗ್ ಇಕ್ಕಳ ಬಿಗಿದೆವು. ಮಗಳನ್ನು ಮನೆಯೊಳಗೆ ಕಳಿಸಿ ಫೋನ್ ಹಿಡಿದು ಕೂತೆ.

ಮೊದಲು ಮಾತಾಡಿದ ಕಂಪನಿಯವರು ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು. "ಬಿಡಿ ಪ್ಯಾನೆಲ್ ಸಿಗಲ್ಲ, ನಿಮ್ಮ ಮಾಡೆಲ್ ನಿಂತುಹೋಗಿದೆ, ಪೂರ್ತಿ ಬಾಗಿಲು ಹಾಕಿಸಬೇಕು, 2,850 ಡಾಲರ್." ನಾನಿನ್ನೂ ಮಾಡೆಲ್ ಯಾವುದು ಅಂತಲೇ ಹೇಳಿರಲಿಲ್ಲ. ಅದು ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಮಾಡೆಲ್ ನಿಂತುಹೋಗಿದ್ದು ಇವರಿಗೆ ಹೇಗೆ ಗೊತ್ತಾಯಿತು ಎಂದು ಅನುಮಾನ ಬಂತು. ಅಲ್ಲಿಂದ ನನ್ನ ಹುಡುಕಾಟ ಶುರುವಾಯಿತು.

ಟಾರ್ಚ್ ಹಿಡಿದು ಬಾಗಿಲಿನ ಒಳಮೈ ಪೂರ್ತಿ ನೋಡಿದೆ. ಎಡಗಡೆಯ ಅಂಚಿನಲ್ಲಿ, ಧೂಳಿನ ಅಡಿಯಲ್ಲಿ, ಒಂದು ಸಣ್ಣ ಸ್ಟಿಕರ್ ಇತ್ತು. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ. ತಯಾರಕರ ಹೆಸರು, ಮಾಡೆಲ್ ನಂಬರ್, ಅಳತೆ, ತಯಾರಾದ ತಿಂಗಳು ಎಲ್ಲ ಅದರಲ್ಲೇ ಇತ್ತು. ಆ ಹೆಬ್ಬೆರಳುದ್ದದ ಕಾಗದ ನನಗೆ ಸುಮಾರು ಎರಡು ಸಾವಿರ ಡಾಲರ್ ಉಳಿಸಿತು. ತಯಾರಕರಿಗೇ ಫೋನ್ ಮಾಡಿ ನಂಬರ್ ಓದಿ ಹೇಳಿದೆ. ಆ ಮಾಡೆಲ್ ಈಗಲೂ ತಯಾರಾಗುತ್ತಿದೆ, ಬಿಳಿ ಬಣ್ಣದಲ್ಲೇ ಸಿಗುತ್ತದೆ, ನಿಮ್ಮ ಊರಿನ ಡೀಲರ್ ಮೂಲಕ ತರಿಸಿಕೊಳ್ಳಿ ಎಂದರು.

ನಿಮ್ಮ ಬಾಗಿಲಿನಲ್ಲಿ ಸ್ಟಿಕರ್ ಇಲ್ಲದಿದ್ದರೆ ಒಳಗೆ, ಹೊರಗೆ, ಪಕ್ಕದಿಂದ ಫೋಟೋ ತೆಗೆಯಿರಿ. ಪಕ್ಕದ ಫೋಟೋ ತುಂಬಾ ಮುಖ್ಯ. ಒಂದು ಪ್ಯಾನೆಲ್ ಇನ್ನೊಂದರ ಮೇಲೆ ಕೂರುವ ಅಂಚಿನ ಆಕಾರ ಒಬ್ಬೊಬ್ಬ ತಯಾರಕರದ್ದು ಒಂದೊಂದು ಥರ ಇರುತ್ತದೆ. ಹೊರಗಿನಿಂದ ಅದೇ ಚೌಕಗಳು, ಅದೇ ಬಿಳಿ ಬಣ್ಣ ಕಂಡರೂ ಬೇರೆ ಕಂಪನಿಯ ಪ್ಯಾನೆಲ್ ನಿಮ್ಮದರ ಜೊತೆ ಕೂರುವುದಿಲ್ಲ. ಪ್ಯಾನೆಲ್‌ನ ಎತ್ತರ, ದಪ್ಪ, ಅಡ್ಡಕ್ಕೆ ಎಷ್ಟು ಚೌಕ, ಒಳಗೆ ಥರ್ಮೋಕೋಲ್ ಅಥವಾ ಫೋಮ್ ಇದೆಯೋ ಬರೀ ತಗಡೋ, ಇಷ್ಟನ್ನು ಬರೆದಿಟ್ಟುಕೊಳ್ಳಿ. ತಗಡಿನ ಗೇಜ್ ಕೇಳಿದರೆ ಒಂದು ಮಾತು ನೆನಪಿರಲಿ: ನಂಬರ್ ಜಾಸ್ತಿ ಆದಷ್ಟೂ ತಗಡು ತೆಳು. 28ಕ್ಕಿಂತ 24 ಗಟ್ಟಿ.

ಅಷ್ಟು ಹೊತ್ತಿಗೆ ಎರಡನೇ ಕಂಪನಿಯವರು ಬಂದರು. ಸಂಜೆಯ ತುರ್ತು ಭೇಟಿಗೆ 95 ಡಾಲರ್, ಕೆಲಸ ನಮಗೇ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತೇವೆ ಎಂದರು. ಕಳೆದರು ಕೂಡ. ಬಂದವರು ವಯಸ್ಸಾದ ಮೆಕ್ಯಾನಿಕ್. ಕೇಬಲ್ಲನ್ನು ಸರಿಯಾಗಿ ಸುತ್ತಿ, ರೋಲರ್‌ಗಳನ್ನು ಟ್ರ್ಯಾಕಿಗೆ ಸೇರಿಸಿ, ಬಾಗಿಲನ್ನು ಹೇಗೋ ಕೆಳಗಿಳಿಸಿದರು. ಆಮೇಲೆ ಬಾಗಿಲ ಮುಂದೆ ಬಗ್ಗಿ ಕೆಳಗಿನ ಅಂಚಿಗೆ ಬೆರಳು ಒತ್ತಿ ತೋರಿಸಿದರು. ತಗಡು ಹಪ್ಪಳದ ಹಾಗೆ ಪುಡಿಯಾಗಿ ಉದುರಿತು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಕಾರಿಗೆ ಅಂಟಿಕೊಂಡು ಬರುವ ಉಪ್ಪುನೀರು ಗ್ಯಾರೇಜಿನಲ್ಲಿ ಇಳಿದು ಬಾಗಿಲ ಬುಡದಲ್ಲಿ ನಿಲ್ಲುತ್ತದೆ. ಕಾರು ಗುದ್ದದಿದ್ದರೂ ಆ ಪ್ಯಾನೆಲ್‌ಗೆ ಜಾಸ್ತಿ ಆಯಸ್ಸು ಇರಲಿಲ್ಲ.

ಅವರು ಕೊಟ್ಟ ಲೆಕ್ಕ ಹೀಗಿತ್ತು. ಕೆಳಗಿನ ಪ್ಯಾನೆಲ್ 365 ಡಾಲರ್. ಸಾಗಣೆ 75. ಕೂಲಿ 285. ಎರಡು ಕೇಬಲ್, ಎರಡು ರೋಲರ್, ಒಂದು ಹಿಂಜ್ ಸೇರಿ 70. ಹೊಸ ರಬ್ಬರ್ ಪಟ್ಟಿ 35. ನೆಗ್ಗಿದ ಎರಡನೇ ಪ್ಯಾನೆಲ್‌ಗೆ ಒಳಗಿನಿಂದ ಉದ್ದಕ್ಕೂ ಬಿಗಿಯುವ ಉಕ್ಕಿನ ಪಟ್ಟಿ 45. ಒಟ್ಟು 875 ಡಾಲರ್. ನಮ್ಮ ರೂಪಾಯಿಯಲ್ಲಿ ಆಗ ಸುಮಾರು 75 ಸಾವಿರ.

ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ತಿಪಟೂರಿನಲ್ಲಿ ನಲವತ್ತು ವರ್ಷ ಕೊಬ್ಬರಿ ಅಂಗಡಿ ನಡೆಸಿದವರು. ದಿನಕ್ಕೆರಡು ಸಲ ಶಟರ್ ಎಳೆದು ಎಳೆದು ಅದರ ಒಳಹೊರಗೆಲ್ಲ ಗೊತ್ತು. "ಒಂದು ತಗಡಿಗೆ 75 ಸಾವಿರವಾ? ನಮ್ಮ ಶಟರ್‌ಗೆ ಲಾರಿ ತಾಗಿದಾಗ ನೆಗ್ಗಿದ ಪಟ್ಟಿ ಮಾತ್ರ ಪಕ್ಕಕ್ಕೆ ಎಳೆದು ಹೊಸದು ತೂರಿಸಿಕೊಟ್ಟ ಕಣಪ್ಪಾ, ಸಾಯಂಕಾಲದೊಳಗೆ ಆಯ್ತು" ಎಂದರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಇಲ್ಲಿ ಯಾಕೆ ಇಷ್ಟು ಅಂತ ನಾನೂ ಮೆಕ್ಯಾನಿಕ್ ಹತ್ತಿರ ಬಿಡಿಸಿ ಬಿಡಿಸಿ ಕೇಳಿದೆ.

ಶಟರ್‌ನ ಪಟ್ಟಿ ಕೆಲವೇ ಇಂಚು ಅಗಲ, ಊರಲ್ಲೇ ಕತ್ತರಿಸಿ ಕೊಡುತ್ತಾರೆ. ಇಲ್ಲಿನ ಪ್ಯಾನೆಲ್ 16 ಅಡಿ ಉದ್ದ, ಸುಮಾರು ಎರಡಡಿ ಎತ್ತರ. ಮಾಮೂಲಿ ಕೊರಿಯರ್‌ನಲ್ಲಿ ಬರುವುದಿಲ್ಲ. ಟ್ರಕ್ಕಿನಲ್ಲಿ ತರಬೇಕು, ದಾರಿಯಲ್ಲಿ ಮಧ್ಯಕ್ಕೆ ಬಗ್ಗಿದರೆ ವಾಪಸ್ಸು. ಇನ್ನು ಕೂಲಿ. ಕೆಳಗಿನ ಒಂದೇ ಪ್ಯಾನೆಲ್ ಬದಲಿಸಬೇಕಾದರೂ ಬಾಗಿಲ ಮೇಲಿರುವ, ಅದರ ಭಾರ ಹೊರುವ ಸ್ಪ್ರಿಂಗ್ ಬಿಚ್ಚಿ, ಮೇಲಿನ ಮೂರನ್ನೂ ಕಳಚಿ, ಮತ್ತೆ ಎಲ್ಲವನ್ನೂ ಕಟ್ಟಬೇಕು. ಒಂದಾದರೂ ಎರಡಾದರೂ ಹೆಚ್ಚುಕಮ್ಮಿ ಅದೇ ಕೆಲಸ. ಅದಕ್ಕೇ ಹೆಚ್ಚು ಪ್ಯಾನೆಲ್ ಹೋದಷ್ಟೂ ಪೂರ್ತಿ ಹೊಸ ಬಾಗಿಲೇ ಲಾಭ. ನಾನು ಎರಡೂ ಪ್ಯಾನೆಲ್ ಬದಲಿಸಿದ್ದರೆ 1,200ರ ಹತ್ತಿರ ಆಗುತ್ತಿತ್ತು. ಅದೇ ಕಂಪನಿ ಹೊಸ ಬಾಗಿಲನ್ನು ಟ್ರ್ಯಾಕ್, ಸ್ಪ್ರಿಂಗ್ ಎಲ್ಲ ಸೇರಿಸಿ, ಹಳೆಯದನ್ನು ಒಯ್ಯುವುದೂ ಸೇರಿಸಿ 1,750ಕ್ಕೆ ಹಾಕಿಕೊಡುತ್ತಿತ್ತು. ಫೋಮ್ ತುಂಬಿದ್ದು ಬೇಕೆಂದರೆ 2,150. ನಾಲ್ಕರಲ್ಲಿ ಎರಡು ಹೋಗಿದ್ದರೆ ನಾನು ಕಣ್ಣುಮುಚ್ಚಿ ಹೊಸದಕ್ಕೇ ಹೋಗುತ್ತಿದ್ದೆ.

ಸ್ನೇಹಿತರೊಬ್ಬರು ‘ಕಾಸ್ಟ್ ವರ್ಸಸ್ ವ್ಯಾಲ್ಯೂ’ ವರದಿ ಕಳಿಸಿದರು. ಅದರ 2024ರ ಲೆಕ್ಕದಲ್ಲಿ ಅಮೆರಿಕದಲ್ಲಿ ಗ್ಯಾರೇಜ್ ಬಾಗಿಲು ಪೂರ್ತಿ ಬದಲಿಸಲು ಸರಾಸರಿ 4,513 ಡಾಲರ್ ಖರ್ಚು, ಮನೆ ಮಾರುವಾಗ ಅದರಿಂದ 8,751 ಡಾಲರ್ ಬೆಲೆ ಹೆಚ್ಚುತ್ತದೆ ಅಂತ ಇದೆ. ಮನೆ ಮಾರುವವರಿಗೆ ಅದು ಒಳ್ಳೆಯ ಮಾತು. ನಾವು ಮಾರುತ್ತಿಲ್ಲ, ಹಾಗಾಗಿ ನನಗೆ ಆ ಲೆಕ್ಕ ಬೇಡ ಅನಿಸಿತು. ವಿಮೆಯ ಮಾತೂ ಬಂತು. ನನ್ನ ಮನೆ ಪಾಲಿಸಿಯಲ್ಲಿ ಮೊದಲ 1,000 ಡಾಲರ್ ನಾನೇ ಕಟ್ಟಬೇಕು. 875ಕ್ಕೆ ಕ್ಲೇಮ್ ಮಾಡಿ ಏನೂ ಬರುವುದಿಲ್ಲ.

ಪ್ಯಾನೆಲ್ ಬರಲು ಮೂರು ವಾರ ಹಿಡಿಯಿತು. ಅಲ್ಲಿಯವರೆಗೆ ಬುಡದ ಸಂದಿಗೆ ಹಳೇ ಕಂಬಳಿ ತುರುಕಿ ಹಿಮ ತಡೆದೆವು.

ಕೆಲಸದ ದಿನ ನಾನು ರಜೆ ಹಾಕಿ ಪಕ್ಕದಲ್ಲೇ ನಿಂತೆ. ಎಲ್ಲವನ್ನೂ ನಾನೇ ಮಾಡಬೇಕು ಅಂತ ಮೊದಲು ಆಸೆಯಿತ್ತು. ಸ್ಪ್ರಿಂಗ್ ಬಿಚ್ಚುವುದನ್ನು ನೋಡಿದ ಮೇಲೆ ಆ ಆಸೆ ಬಿಟ್ಟೆ. ಒಂದೂವರೆ ಅಡಿಯ ಎರಡು ಉಕ್ಕಿನ ಸಲಾಕೆ. ಒಂದನ್ನು ಸ್ಪ್ರಿಂಗಿನ ತುದಿಯ ತೂತಿಗೆ ತೂರಿಸಿ, ಭಾರ ಹಿಡಿದು, ಸ್ಕ್ರೂ ಸಡಿಲಿಸಿ ಕಾಲು ಸುತ್ತು ಇಳಿಸುತ್ತಾರೆ. ಇನ್ನೊಂದನ್ನು ತೂರಿಸಿ ಮತ್ತೆ ಕಾಲು ಸುತ್ತು. ನಾನು ಎಣಿಸಿದೆ. ಒಂದು ಸ್ಪ್ರಿಂಗ್‌ಗೆ 30 ಸಲ, ಎರಡಕ್ಕೂ 60. ಅಷ್ಟು ಹೊತ್ತೂ ಅವರು ಮುಖವನ್ನು ಸಲಾಕೆಯ ದಾರಿಗೆ ತರಲೇ ಇಲ್ಲ, ಪಕ್ಕಕ್ಕೇ ನಿಂತಿದ್ದರು. ಪ್ರತಿ ಸಲವೂ ಮುಂಗೈ ನರ ಉಬ್ಬುತ್ತಿತ್ತು. ಸಲಾಕೆ ಕೈಜಾರಿದರೆ ಮೂಳೆ ಉಳಿಯಲ್ಲ. ಕೆಳಮೂಲೆಯಲ್ಲಿ ಕೇಬಲ್ ಕಟ್ಟಿರುವ ಬ್ರಾಕೆಟ್ ಕೂಡ ಅಷ್ಟೇ ಅಪಾಯ. ಸ್ಪ್ರಿಂಗ್ ಬಿಗಿಯಾಗಿರುವಾಗ ಅದರ ಸ್ಕ್ರೂ ಬಿಚ್ಚಲೇಬಾರದು. ಈ 285 ಡಾಲರ್ ಕೊಟ್ಟಿದ್ದಕ್ಕೆ ನನಗೆ ಒಂದು ಚೂರೂ ಬೇಸರವಿಲ್ಲ.

ಸ್ಪ್ರಿಂಗ್ ಸಡಿಲವಾದ ಮೇಲೆ ನಾನೂ ಕೈಹಾಕಿದೆ. ಮೇಲಿನಿಂದ ಒಂದೊಂದೇ ಪ್ಯಾನೆಲ್ ಕಳಚಿ ಗೋಡೆಗೆ ಒರಗಿಸಿದೆವು. ಹಿಂಜ್‌ಗಳ ಮೇಲೆ 1, 2, 3 ಅಂತ ನಂಬರ್ ಒತ್ತಿರುತ್ತದೆ, ಅದಲುಬದಲಾಗಬಾರದು. ಹೊಸ ಪ್ಯಾನೆಲ್ ಇಟ್ಟ ಮೇಲೆ ಅದರ ನೆತ್ತಿಯ ಮೇಲೆ ರಸಮಟ್ಟ ಇಟ್ಟು ನೋಡಿದರು. ನಮ್ಮ ಗ್ಯಾರೇಜಿನ ನೆಲ ಬಲಕ್ಕೆ ಸ್ವಲ್ಪ ಇಳಿಜಾರು. ಗುಳ್ಳೆ ನಡುವಿಗೆ ಬರುವವರೆಗೆ ಬಲಮೂಲೆಗೆ ಮರದ ಚಕ್ಕೆ ಕೊಟ್ಟರು. ಇಲ್ಲಿ ಕಾಲು ಇಂಚು ತಪ್ಪಿದರೆ ಮೇಲಿನ ಮೂರೂ ಸೊಟ್ಟಗಾಗುತ್ತವೆ. ಎರಡನೇ ಪ್ಯಾನೆಲ್‌ನ ನೆಗ್ಗಿಗೆ ಒಳಗಿನಿಂದ ಹಲಗೆ ಒತ್ತಿ ಹಿಡಿದು, ಹೊರಗಿನಿಂದ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದೆ. ಜೋರಾಗಿ ಹೊಡೆದರೆ ತಗಡು ಹಿಗ್ಗಿ ಅಲೆಅಲೆಯಾಗುತ್ತದೆ. ಮುಕ್ಕಾಲು ಭಾಗ ಸರಿಹೋಯಿತು. ಅದರ ಮೇಲೆ ಉಕ್ಕಿನ ಪಟ್ಟಿ ಬಿಗಿದೆವು.

ಹೊಸ ಪ್ಯಾನೆಲ್ ಹಳೆಯದರಷ್ಟೇ ತೂಕ ಇದ್ದಿದ್ದರಿಂದ ಸ್ಪ್ರಿಂಗ್ ಬದಲಿಸಲಿಲ್ಲ. ಇದನ್ನು ಮರೆಯದೆ ಕೇಳಿ. ಬರೀ ತಗಡಿನ ಜಾಗಕ್ಕೆ ಫೋಮ್ ತುಂಬಿದ್ದು ಬಂದರೆ ಬಾಗಿಲು ಭಾರವಾಗುತ್ತದೆ, ಹಳೆಯ ಸ್ಪ್ರಿಂಗ್ ಎತ್ತಲಾರದು. ಸ್ಪ್ರಿಂಗ್ ಹಳೆಯದಾಗಿದ್ದರೂ ಇದೇ ಸಮಯ. ಮಾಮೂಲಿ ಸ್ಪ್ರಿಂಗಿನ ಆಯಸ್ಸು 10,000 ಸಲ ತೆರೆದು ಮುಚ್ಚುವಷ್ಟು. ದಿನಕ್ಕೆ ನಾಲ್ಕು ಸಲ ಅಂದರೆ ಏಳು ವರ್ಷವೂ ಇಲ್ಲ. ಬಿಚ್ಚುವ ಕೂಲಿ ಹೇಗೂ ಕೊಟ್ಟಿರುತ್ತೀರಿ, ಅಲ್ವಾ?

ಎಲ್ಲ ಮುಗಿದ ಮೇಲೆ ಬಾಗಿಲು ಮುಚ್ಚಿ, ಕೆಂಪು ಹಗ್ಗ ಎಳೆದು, ಕೈಯಲ್ಲೇ ಅರ್ಧ ಎತ್ತಿ ಬಿಟ್ಟೆ. ಅಲ್ಲೇ ನಿಂತಿತು, ಮೇಲೂ ಹೋಗಲಿಲ್ಲ ಕೆಳಗೂ ಬರಲಿಲ್ಲ. ತೂಕ ಸರಿಯಾಗಿದೆ ಅಂತ ಅರ್ಥ. ಓಪನರ್ ಸೇರಿಸಿ, ನೆಲದ ಮೇಲೆ ಒಂದೂವರೆ ಇಂಚು ದಪ್ಪದ ಮರದ ತುಂಡು ಮಲಗಿಸಿ ಬಾಗಿಲು ಇಳಿಸಿದೆವು. ಮರಕ್ಕೆ ತಾಗಿದ ಕೂಡಲೇ ವಾಪಸ್ಸು ಮೇಲೆ ಹೋಗಬೇಕು, ಹೋಯಿತು. ಕಾರು ಗುದ್ದಿದ ಪೆಟ್ಟಿನಿಂದ ಒಂದು ಕಡೆಯ ಸೆನ್ಸರ್ ಕಣ್ಣು ಓರೆಯಾಗಿತ್ತು. 1993ರಿಂದ ಇಲ್ಲಿ ಮನೆಗಳಿಗೆ ಮಾರುವ ಓಪನರ್‌ಗಳಲ್ಲಿ ಸಿಕ್ಕಿಹಾಕಿಕೊಳ್ಳದಂತೆ ಕಾಯುವ ವ್ಯವಸ್ಥೆ ಕಡ್ಡಾಯ, ಈ ಕಣ್ಣುಗಳು ಅದಕ್ಕೇ. ನೆಲದಿಂದ 6 ಇಂಚಿನೊಳಗೆ, ಎದುರುಬದುರು ನೇರ ಇರಬೇಕು. ಮಿಣುಕುತ್ತಿದ್ದ ದೀಪ ನಿಲ್ಲುವವರೆಗೆ ಮೆಲ್ಲಗೆ ತಿರುಗಿಸಿದೆ.

ಬಣ್ಣ ಮಾತ್ರ ಉಳಿಯಿತು. ಕೆಳಗಿನದು ಹಾಲಿನ ಬಿಳಿ, ಮೇಲಿನ ಮೂರು ಬಿಸಿಲಿಗೆ ಮಂಕಾಗಿ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದವು. ಅದೇ ಮಾಡೆಲ್, ಅದೇ ಬಿಳಿ ತರಿಸಿದರೂ ಹೀಗೆ ಆಗೇ ಆಗುತ್ತದೆ. ಚಳಿಯಲ್ಲಿ ಬಣ್ಣ ಹಿಡಿಯುವುದಿಲ್ಲ, ಹಾಗಾಗಿ ಮೇ ತಿಂಗಳವರೆಗೆ ಕಾದೆ. ಅಷ್ಟರಲ್ಲಿ ಅಪ್ಪ ಅಮ್ಮ ಊರಿಂದ ಬಂದಿದ್ದರು. ಅಪ್ಪ ಬಾಗಿಲಿನ ಮೇಲೆ ಅಂಗೈ ಉಜ್ಜಿ ತೋರಿಸಿದರು. ಕೈತುಂಬ ಸುಣ್ಣದಂಥ ಬಿಳಿ ಪುಡಿ. "ಇದನ್ನ ತೊಳೀದೆ ಬಣ್ಣ ಹಚ್ಚಿದ್ರೆ ಆರೇ ತಿಂಗಳು ಕಣೋ" ಎಂದರು. ಸೋಪಿನ ನೀರಲ್ಲಿ ಎರಡು ಸಲ ತಿಕ್ಕಿ ತೊಳೆದು, ಒಂದು ದಿನ ಒಣಗಲು ಬಿಟ್ಟು, ಹೊರಗೋಡೆಗೆ ಬಳಿಯುವ ಅಕ್ರಿಲಿಕ್ ಬಣ್ಣ ಎರಡು ಕೋಟ್ ಹೊಡೆದೆವು. ಬಣ್ಣ, ಬ್ರಷ್, ಟೇಪ್ ಸೇರಿ 80 ಡಾಲರ್. ಅಲ್ಲಿಗೆ ಎಲ್ಲ ಸೇರಿ 955.

ಮಗಳು ತಾತನ ಜೊತೆ ಕೆಳಗಿನ ಪ್ಯಾನೆಲ್ ತಾನೇ ಬಳಿಯುತ್ತೇನೆ ಎಂದು ಕೂತಳು. ಲೈಸೆನ್ಸ್ ಬಂದಿದೆ. ಈಗ ಅವಳು ಬಾಗಿಲು ಪೂರ್ತಿ ಮೇಲೆ ಹೋಗಿ ನಿಲ್ಲುವುದನ್ನು ತಿರುಗಿ ನೋಡಿದ ಮೇಲೇ ರಿವರ್ಸ್ ಹಾಕುತ್ತಾಳೆ. ನಾನು ಚಳಿಗಾಲ ಶುರುವಾಗುವ ಮೊದಲು ಕೆಳಗಿನ ರಬ್ಬರ್‌ಗೆ ಸಿಲಿಕೋನ್ ಸ್ಪ್ರೇ ಹೊಡೆಯುತ್ತೇನೆ, ಹಿಮ ಬಿದ್ದ ದಿನ ಬಾಗಿಲ ಬುಡದಲ್ಲಿ ನಿಂತ ಉಪ್ಪುನೀರನ್ನು ಹೊರಗೆ ತಳ್ಳುತ್ತೇನೆ. ಎರಡನೇ ಪ್ಯಾನೆಲ್‌ನ ನೆಗ್ಗು ಹಗಲಲ್ಲಿ ಕಾಣುವುದಿಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಒಂದು ಸಣ್ಣ ಗೆರೆ ಕಾಣುತ್ತದೆ. ಅದಕ್ಕೆ ಇನ್ನೂ 365 ಡಾಲರ್ ಸುರಿಯಬೇಕು ಅಂತ ನನಗೆ ಇವತ್ತಿಗೂ ಅನಿಸಿಲ್ಲ.