ಓದೋ ಗುಂಪಿಗೆ ಬುಕ್ ಆರಿಸೋದು ಹೆಂಗೆ

ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ ಹತ್ರ ಭಾನುವಾರ ಸೇರ್ಕೊಂಡು ಓದೋಣ ಅಂತ ಗುಂಪು ಮಾಡ್ಕೊಂಡಿದ್ರೆ ಮೊದಲ ಜಗಳ ಶುರುವಾಗೋದೇ ಯಾವ ಬುಕ್ ಅಂತ. ವಾಟ್ಸಾಪಲ್ಲಿ ಕೇಳಿದ್ರೆ ಇಪ್ಪತ್ತು ಹೆಸರು ಬರ್ತವೆ, ಒಂದೂ ಫೈನಲ್ ಆಗಲ್ಲ.

ಒಬ್ಬೊಬ್ರು ಒಂದೇ ಹೆಸರು ಹೇಳ್ಲಿ, ಯಾಕೆ ಅಂತ ಎರಡು ಮಾತಲ್ಲಿ ಹೇಳ್ಲಿ ಸಾಕು. ವೋಟಿಗೆ ಮುಂಚೆ ಪ್ರತಿ ಸಿಗುತ್ತಾ ನೋಡಿ, ಲೈಬ್ರರಿಲಿ ಒಂದೇ ಇದ್ದು ಅಂಗಡೀಲಿ ಔಟ್ ಆಫ್ ಪ್ರಿಂಟ್ ಅಂದ್ರೆ ಆ ಹೆಸರು ಮುಂದಿನ ಸಲಕ್ಕೆ ಇಟ್ಬಿಡಿ. ಆಮೇಲೆ ತಲೆಗೆ ಎರಡು ವೋಟು, ತಾನು ಹೇಳಿದ್ದಕ್ಕೆ ಹಾಕಂಗಿಲ್ಲ, ಇಲ್ಲಾಂದ್ರೆ ಎಲ್ರಿಗೂ ಒಂದೊಂದೇ ಬಂದು ಕೂತ್ಕೊಳುತ್ತೆ.

ಪುಟದ ಲೆಕ್ಕ ಒಂದನ್ನೇ ನಂಬ್ಬೇಡಿ. ದೇವನೂರ ಮಹಾದೇವ ಅವರ ಕುಸುಮಬಾಲೆ ಸಣ್ಣ ಪುಸ್ತಕ, ಆದ್ರೆ ನಂಜನಗೂಡು ಕಡೆ ಆಡುಮಾತು ಗೊತ್ತಿಲ್ದೋರಿಗೆ ನಿಧಾನ ಆಗುತ್ತೆ, ಅಂಥದ್ದನ್ನ ಗಟ್ಟಿಯಾಗಿ ಓದೋರು ಒಬ್ರು ಇದ್ರೆ ಮಜಾನೇ ಬೇರೆ. ಅದಕ್ಕೆ ಲಿಸ್ಟಲ್ಲಿ ಉಳಿದಿದ್ದರ ಮೊದಲ ಎರಡು ಪುಟ ಅಲ್ಲೇ ಓದಿಸಿ. ಅರ್ಧ ಜನ ಮೊಬೈಲ್ ನೋಡ್ತಿದ್ರೆ ಉತ್ತರ ಸಿಕ್ತು ಅಂತಾನೇ.

ಸೋತೋರ ಪುಸ್ತಕ ಮುಂದಿನ ತಿಂಗಳ ಲಿಸ್ಟಲ್ಲಿ ತಾನಾಗೇ ಇರ್ಲಿ. ಕಥೆ ಆದ್ಮೇಲೆ ಒಂದು ಪ್ರಬಂಧವೋ ಆತ್ಮಕಥೆಯೋ ಬರ್ಲಿ.