ಬೀಜ ತೊಳೆದ ನೀರು, ಬಂಗಾರದ ಗೆರೆ

ಬಿತ್ತಿ ಉಳಿದ ತೊಗರಿ ಬೀಜ ಮೊರದಲ್ಲಿಟ್ಟುಕೊಂಡು ಅವ್ವ ಕೇಳಿದಳು: "ಔಷಧ ಹಚ್ಚಿದ ಬೀಜ ಇದು. ಮೂರ್ ಸಲ ತೊಳದ್ರ ಬ್ಯಾಳಿ ಮಾಡ್ಲಿಕ್ಕ ಬರ್ತದೇನಪ್ಪ?" ಬೇಡವೇ ಬೇಡ ಅಂದೆ. "ನೀರು ತಿಳಿ ಆಗ್ಯಾದಲ್ಲ" ಅಂದಳು.

ಆಗ ನಾನು ಕಲಬುರಗಿಯ ಪ್ರಯೋಗಾಲಯದಲ್ಲಿ ಲೇಸರ್ ಬೆಳಕಿನಿಂದ ಬಂಗಾರದ ನ್ಯಾನೊಕಣ ಜೋಡಿಸುವುದನ್ನು ಕಲಿಯುತ್ತಿದ್ದೆ. ಜೋಡಿಸಿ ಏನು ಹುಡುಕಬೇಕು ಅನ್ನುವುದು ಆ ಮಾತಿನಿಂದ ನಿಕ್ಕಿಯಾಯಿತು. ಬೀಜಕ್ಕೆ ಹಚ್ಚಿದ್ದು ಥೈರಮ್, ಶಿಲೀಂಧ್ರನಾಶಕ. ಅದರ ಅಣುವಿನಲ್ಲಿ ಗಂಧಕ ಇದೆ. ಬಂಗಾರ ಸಿಕ್ಕರೆ ಗಂಧಕ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಕಣ ಮಾಡುವುದಕ್ಕೆ ಹಳೆಯ ವಿಧಾನವೇ ಸಾಕು. ವಿಜ್ಞಾನಿ ಟರ್ಕೆವಿಚ್ 1951ರಲ್ಲಿ ವಿವರಿಸಿದ್ದು, ಫ್ರೆನ್ಸ್ 1973ರಲ್ಲಿ ಕಣದ ಗಾತ್ರ ಹೇಗೆ ಹಿಡಿತಕ್ಕೆ ತರಬೇಕೆಂದು ತೋರಿಸಿದ್ದು. ಬಂಗಾರ ಕರಗಿರುವ ಶೇ. 0.01ರ ಕ್ಲೋರೊಆರಿಕ್ ಆಮ್ಲದ ದ್ರಾವಣ 50 ಮಿ.ಲೀ. ಕುದಿಸಿ, ಶೇ. 1ರ ಸೋಡಿಯಂ ಸಿಟ್ರೇಟ್ ಅರ್ಧ ಮಿ.ಲೀ. ಹಾಕಿದೆ. ತಿಳಿ ಹಳದಿ ಹೋಗಿ ಬಣ್ಣವೇ ಇಲ್ಲದಂತಾಗುತ್ತದೆ, ಆಮೇಲೆ ಮಸಿನೀಲಿ, ಕೊನೆಗೆ ಕೆಂಪು. ಸುಮಾರು 40 ನ್ಯಾನೊಮೀಟರ್ ಕಣಗಳು; ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಎಷ್ಟು ಸಲ ನೋಡಿದರೂ ಆ ಕೆಂಪು ಏರುವ ಗಳಿಗೆಯಲ್ಲಿ ನಾನು ಕಣ್ಣು ತೆಗೆಯುವುದಿಲ್ಲ.

ಒಂದು ದಿನ ಆ ಕೆಂಪು ನೀರನ್ನು ಬೇರೆ ಬಾಟಲಿಗೆ ಸುರಿದೆ. ನೋಡನೋಡುತ್ತ ನೇರಳೆ ಆಯಿತು, ಸ್ವಲ್ಪ ಹೊತ್ತಿಗೆ ತಳದಲ್ಲಿ ಕಪ್ಪು ಗಸಿ ಕೂತಿತು. ಬಾಟಲಿಯನ್ನು ಬೋರ್‌ವೆಲ್ ನೀರಲ್ಲಿ ಜಾಲಾಡಿಸಿ ಹಾಗೇ ಇಟ್ಟಿದ್ದೆ. ಸಿಟ್ರೇಟಿನ ಋಣ ವಿದ್ಯುದಂಶ ಇರುವುದರಿಂದಲೇ ಕಣಗಳು ಒಂದನ್ನೊಂದು ದೂರ ಇಡುತ್ತವೆ. ನಮ್ಮ ಗಡಸು ನೀರಿನ ಲವಣ ಆ ತಡೆಯನ್ನು ಮುಚ್ಚಿಬಿಡುತ್ತದೆ, ಕಣಗಳು ಗುಂಪುಗಟ್ಟುತ್ತವೆ. ಅಂದಿನಿಂದ ಎಲ್ಲ ಗಾಜಿಗೂ ಆಮ್ಲದ ತೊಳಿತ, ಆಮೇಲೆ ಶುದ್ಧೀಕರಿಸಿದ ನೀರು. ಇದರಲ್ಲಿ ರಿಯಾಯಿತಿ ಇಲ್ಲ.

ಲೇಸರ್ ಕೆಲಸ ಹೀಗೆ: ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿಸಿ ಗಟ್ಟಿ ಮಾಡಿದ ಕಣದ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದ ಮಸೂರದಿಂದ 532 ನ್ಯಾನೊಮೀಟರ್ ತರಂಗಾಂತರದ ಹಸಿರು ಕಿರಣವನ್ನು ಗಾಜು ಮತ್ತು ನೀರು ಸೇರುವ ಮಟ್ಟಕ್ಕೆ ತರಬೇಕು. ಬಂಗಾರದ ಕಣ ಸುಮಾರು 520-530ರ ಬೆಳಕನ್ನೇ ಚೆನ್ನಾಗಿ ಹೀರುತ್ತದೆ, ಅದಕ್ಕೇ ಹಸಿರು. ಮೊದಲು ಅಂಟಿದ ಕೆಲವು ಕಣ ಬಿಸಿಯಾಗುತ್ತವೆ, ಪುಟ್ಟ ಗುಳ್ಳೆ ಏಳುತ್ತದೆ. ಗುಳ್ಳೆಯ ಸುತ್ತ ಬಿಸಿ-ತಂಪಿನ ವ್ಯತ್ಯಾಸಕ್ಕೆ ನೀರು ಸುಳಿದು, ಇನ್ನಷ್ಟು ಕಣ ಹೊತ್ತು ತಂದು ಗುಳ್ಳೆಯ ಬುಡಕ್ಕೆ ಸೇರಿಸುತ್ತದೆ. ಗಾಜು ಕೂತ ಸ್ಟೇಜ್ ಸರಿಸಿದರೆ ಹಿಂದೆ ಗೆರೆ ಉಳಿಯುತ್ತದೆ. ಲೇಸರ್‌ಗೆ ತಕ್ಕ ಕನ್ನಡಕ ಹಾಕದೆ ಯಾರನ್ನೂ ನಾನು ಆ ಕೋಣೆಗೆ ಬಿಡುವುದಿಲ್ಲ. ಗಾಜಿನಿಂದ ಪುಟಿದ ಕಿರಣ ಕಣ್ಣು ಕೆಡಿಸಲು ಸಾಕು.

ಮೊದಮೊದಲು ಶಕ್ತಿ ಹೆಚ್ಚಿಸಿದಷ್ಟೂ ಗೆರೆ ದಪ್ಪಗೆ, ಫಳಫಳ ಹೊಳೆಯುತ್ತ ಬಂತು. ಖುಷಿಪಟ್ಟು ಅದನ್ನೇ ರಾಮನ್ ಯಂತ್ರಕ್ಕೆ ಒಯ್ದೆ. ಅಣುವಿಗೆ ತಾಗಿ ಬಣ್ಣ ಬದಲಿಸಿ ಚದುರಿದ ಬೆಳಕು ನೋಡಿ ಅದು ಯಾವ ಅಣು ಅಂತ ಗುರುತಿಸುವ ಯಂತ್ರ ಅದು. ಸಂಕೇತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಣಗಳು ಕರಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ಇಲ್ಲಿ ಕೆಲಸ ಮಾಡುವುದು ಬಂಗಾರ ಮಾತ್ರವಲ್ಲ, ಬಂಗಾರದ ನಡುವಿನ ಸಂದಿ. 1928ರಲ್ಲಿ ರಾಮನ್ ಕಂಡ ಚದುರುವಿಕೆ ಬಹಳ ಕ್ಷೀಣ, ಸುಮಾರು ಕೋಟಿ ಫೋಟಾನಿಗೆ, ಅಂದರೆ ಬೆಳಕಿನ ಕಣಕ್ಕೆ, ಒಂದರ ಲೆಕ್ಕ. ಎರಡು ಕಣ ಒಂದೆರಡು ನ್ಯಾನೊಮೀಟರ್ ಬಿಟ್ಟು ನಿಂತರೆ ನಡುವಿನ ಸಂದಿಯಲ್ಲಿ ಬೆಳಕಿನ ಕ್ಷೇತ್ರ ಏರುತ್ತದೆ. ಅದು 10 ಪಟ್ಟಾದರೆ ಸಂಕೇತ ಹೆಚ್ಚುಕಡಿಮೆ 10,000 ಪಟ್ಟು. ಕಣ ಬೆಸೆದರೆ ಸಂದಿಯೇ ಹೋಯಿತು. ಶಕ್ತಿ ತಗ್ಗಿಸಿ ನಿಧಾನ ಎಳೆದ ಗೆರೆ ಮಂಕಾಗಿ ಕಂದು ಬಣ್ಣಕ್ಕಿರುತ್ತದೆ, ಕಣ್ಣಿಗೆ ಚೆಂದವಿಲ್ಲ. ನನಗೆ ಬೇಕಾದದ್ದು ಅದೇ.

ಅಂಥ ಗೆರೆಯ ಗಾಜನ್ನು ಬೀಜ ತೊಳೆದ ನೀರಿನಲ್ಲಿ ಅದ್ದಿ ಒಣಗಿಸಿ, 785 ನ್ಯಾನೊಮೀಟರಿನ ಬೆಳಕಿನಲ್ಲಿ ನೋಡಿದೆ. ರಾಮನ್ ಗ್ರಾಫಿನಲ್ಲಿ 1380 ತರಂಗಸಂಖ್ಯೆಯ (ಚದುರಿದ ಬೆಳಕಿನ ಬಣ್ಣ ಎಷ್ಟು ಸರಿಯಿತು ಅನ್ನುವ ಅಳತೆ, ಪ್ರತಿ ಸೆಂ.ಮೀ.ಗೆ) ಬಳಿ ಥೈರಮ್‌ನ ಶಿಖರ ನೆಟ್ಟಗೆ ಎದ್ದಿತ್ತು. ಔಷಧ ಹಚ್ಚದ ತೊಗರಿ ತೊಳೆದ ನೀರಿಗೆ ಅದು ಬರಲಿಲ್ಲ. ಮೂರನೆಯ ತೊಳೆದ ನೀರು ಲೋಟದಲ್ಲಿ ಕುಡಿಯುವ ನೀರಿನಷ್ಟು ತಿಳಿ, ಗ್ರಾಫಿನಲ್ಲಿ ಶಿಖರ ಇನ್ನೂ ಇತ್ತು. ಥೈರಮ್ ನೀರಿನಲ್ಲಿ ಕರಗುವುದೇ ಅತ್ಯಲ್ಪ, ಒಂದೇ ಸಲಕ್ಕೆ ಬಿಟ್ಟುಹೋಗುವ ಪದಾರ್ಥವಲ್ಲ.

ಕಾಗದ ಮನೆಗೆ ಒಯ್ದು ಅವ್ವನಿಗೆ ಆ ಏರು ತೋರಿಸಿದೆ. ಬೆರಳಿಟ್ಟು ನೋಡಿ, "ಇಷ್ಟ್ ತೊಳದ್ರೂ ಅದ ಏನು?" ಅಂದಳು. ಮೊರದ ಬೀಜವನ್ನು ಚೀಲಕ್ಕೆ ಸುರಿದು, ಬಾಯಿ ಹೊಲಿದು, ಅಡುಗೆಮನೆಯಿಂದ ದೂರ ಇಟ್ಟಳು.

ಥೈರಮ್ ಇದೆಯೋ ಇಲ್ಲವೋ ಅಂತ ಈಗ ಹೇಳಬಲ್ಲೆ, ಎಷ್ಟಿದೆ ಅಂತ ಹೇಳಲಾರೆ. ಒಂದೇ ಗೆರೆಯ ಎರಡು ಜಾಗದಲ್ಲಿ ಸಂಕೇತ ಒಂದೇ ಸಮ ಬರುವುದಿಲ್ಲ. ಹಾಗಾಗಿ ಪ್ರತಿ ಗೆರೆಯನ್ನೂ 20 ಕಡೆ ಅಳೆದು ಬರೆದಿಡುತ್ತಿದ್ದೇನೆ. ಸ್ಟೇಜಿನ ವೇಗ ಇನ್ನೂ ತಗ್ಗಿಸಿದ ಮೇಲೆ ಏರುಪೇರು ಕಡಿಮೆಯಾಗಿದೆ.