ಹಾಸಿಗೆ ಹಿಡಿದವರ ಮನೆಯಲ್ಲಿ ಕುಟುಂಬದ ಫೋಟೊ ತೆಗೆಯುವುದು ಹೇಗೆ?

ನಮ್ಮ ಎಷ್ಟೋ ಮನೆಗಳಲ್ಲಿ ತೀರಿಕೊಂಡವರ ಫೋಟೊಗೆ ಗಂಧದ ಹಾರ ಹಾಕುವ ಹೊತ್ತಿಗೆ ಕೈಗೆ ಸಿಗುವುದು ಆಧಾರ್ ಕಾರ್ಡಿನ ಮಸುಕು ಚಿತ್ರ, ಇಲ್ಲವೇ ಯಾರದೋ ಮದುವೆಯ ಗ್ರೂಪ್ ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಿದ ಮುಖ. ಗುಣವಾಗದ ಕಾಯಿಲೆಯವರು ಇನ್ನೂ ಮಾತನಾಡುತ್ತ, ಮೊಮ್ಮಕ್ಕಳನ್ನು ಗದರಿಸುತ್ತ ಇರುವಾಗಲೇ ಮನೆಯವರೆಲ್ಲರ ಜೊತೆಗೆ ಅವರದೊಂದು ಒಳ್ಳೆಯ ಚಿತ್ರ ತೆಗೆದುಕೊಡುವುದು ಕ್ಯಾಮೆರಾ ಬಲ್ಲವರು ಮಾಡಬಹುದಾದ ದೊಡ್ಡ ಸೇವೆ. ಅಮೆರಿಕದ ಕೊಲರಾಡೊದಲ್ಲಿ, ಹಸುಗೂಸನ್ನು ಕಳೆದುಕೊಂಡ ತಾಯಿ ಶೆರಿಲ್ ಹ್ಯಾಗರ್ಡ್ ಮತ್ತು ಛಾಯಾಗ್ರಾಹಕಿ ಸ್ಯಾಂಡಿ ಪುಚ್ 2005ರಲ್ಲಿ ಆರಂಭಿಸಿದ ‘ನೌ ಐ ಲೇ ಮಿ ಡೌನ್ ಟು ಸ್ಲೀಪ್’ ಸಂಸ್ಥೆ, ಹುಟ್ಟಿದೊಡನೆ ತೀರಿಕೊಳ್ಳುವ ಶಿಶುಗಳ ತಂದೆತಾಯಿಗೆ ಸ್ವಯಂಸೇವಕರಿಂದ ಇಂಥ ಚಿತ್ರಗಳನ್ನು ಉಚಿತವಾಗಿ ತೆಗೆಸಿಕೊಡುತ್ತ ಬಂದಿದೆ. ನಮ್ಮ ಊರುಗಳಲ್ಲಿ ವಯಸ್ಕ ರೋಗಿಗಳಿಗಾಗಿ ಈ ಕೆಲಸ ಮಾಡಲು ಸಂಸ್ಥೆಯೇ ಬೇಕೆಂದಿಲ್ಲ, ಆದರೆ ಶಿಸ್ತು ಬೇಕೇ ಬೇಕು.

ಮೊದಲ ಹೆಜ್ಜೆ ಎಂದರೆ ರೋಗಿಯ ಮನೆಗೆ ನೇರವಾಗಿ ಹೋಗದಿರುವುದು. ಬೆಂಗಳೂರಿನಲ್ಲಿ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿರುವ ಕರುಣಾಶ್ರಯದಂಥ ಹಾಸ್ಪಿಸ್‌ಗಳಲ್ಲಿ (ಗುಣವಾಗದ ಕಾಯಿಲೆಯವರ ಆರೈಕೆ ಕೇಂದ್ರಗಳಲ್ಲಿ), ದೊಡ್ಡ ಆಸ್ಪತ್ರೆಗಳ ಉಪಶಾಮಕ ಆರೈಕೆ (ನೋವು, ಸಂಕಟ ತಗ್ಗಿಸುವ ಆರೈಕೆ) ವಿಭಾಗಗಳಲ್ಲಿ ದಾದಿಯರೂ ಸಮಾಜ ಕಾರ್ಯಕರ್ತರೂ ಇರುತ್ತಾರೆ. ನಿಮ್ಮ ಕೆಲಸದ ಮಾದರಿ ತೋರಿಸಿ, ಹಣ ತೆಗೆದುಕೊಳ್ಳುವುದಿಲ್ಲವೆಂದು ತಿಳಿಸಿ, ಮನೆಯವರು ಬಯಸಿದರೆ ಮಾತ್ರ ಕರೆಯಿರಿ ಎಂದು ಅವರಿಗೆ ಹೇಳಿಡಿ.

ಕರೆ ಬಂದಾಗ ದಿನಾಂಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಕಾಯಿಲೆ ಏನೆಂದು ರೋಗಿಗೆ ಗೊತ್ತೇ? ನಮ್ಮಲ್ಲಿ ‘ಅಪ್ಪನಿಗೆ ಹೇಳಿಲ್ಲ, ಹೊಟ್ಟೆಯಲ್ಲಿ ಹುಣ್ಣು ಅಂದಿದ್ದೇವೆ’ ಎನ್ನುವ ಮನೆಗಳು ಬಹಳ. ಆ ಮುಚ್ಚುಮರೆ ಸರಿಯೋ ತಪ್ಪೋ ಎಂಬುದು ವೈದ್ಯರಿಗೂ ಮನೆಯವರಿಗೂ ಬಿಟ್ಟ ವಿಷಯ. ಅದನ್ನು ಒಡೆಯುವ ಅಧಿಕಾರ ಛಾಯಾಗ್ರಾಹಕರಿಗಿಲ್ಲ. ‘ಕೊನೆಯ ಫೋಟೊ’, ‘ನೆನಪಿಗಿರಲಿ’ ಎಂಬ ಮಾತುಗಳು ನಿಮ್ಮ ಬಾಯಿಂದ ಬರಕೂಡದು. ಹಾಗೆಂದು ಸುಳ್ಳು ನೆಪವನ್ನೂ ಹೂಡಬೇಡಿ. ‘ಎಲ್ಲರೂ ಒಟ್ಟಿಗೆ ಇರುವ ಫೋಟೊ ನಿಮ್ಮ ಮನೆಯಲ್ಲಿ ಇಲ್ಲವಂತಲ್ಲ, ಅದಕ್ಕೆ ಬಂದಿದ್ದೇನೆ’ ಎಂಬುದು ನಿಜವೂ ಹೌದು, ಅಷ್ಟು ಹೇಳಿದರೆ ಸಾಕು. ಎಲ್ಲ ಗೊತ್ತಿರುವ ರೋಗಿಯೇ ‘ಹಾರ ಹಾಕೋಕೆ ತಾನೆ?’ ಎಂದು ಕೇಳಿದರೆ ಮಾತು ಹಾರಿಸಬೇಡಿ, ಅವರಿಗೆ ಎಂಥ ಚಿತ್ರ ಬೇಕೆಂದು ಕೇಳಿ. ಕೆಲವರು ಯಾವ ಸೀರೆ, ಯಾವ ಪಂಚೆ ಎಂಬುದನ್ನೂ ಹೇಳುತ್ತಾರೆ. ಬೇಡವೆಂದರೆ ಕ್ಯಾಮೆರಾ ಚೀಲದಿಂದ ಹೊರಬರಬಾರದು. ಮಕ್ಕಳು ಎಷ್ಟೇ ಒತ್ತಾಯಿಸಿದರೂ ಒಪ್ಪಿಗೆ ಕೊಡಬೇಕಾದವರು ರೋಗಿಯೇ.

ಸಮಯವನ್ನು ದಾದಿಯರೇ ನಿಗದಿ ಮಾಡಲಿ. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ನುಂಗಿಸುತ್ತಾರೆ. ನುಂಗಿದ ಸುಮಾರು ಒಂದು ಗಂಟೆಯ ಹೊತ್ತಿಗೆ ನೋವು ಚೆನ್ನಾಗಿ ತಗ್ಗಿರುತ್ತದೆ. ಕೆಲವರಿಗೆ ಆಗ ಮಂಪರು ಬರುವುದರಿಂದ, ದಿನದಲ್ಲಿ ಅವರು ಗೆಲುವಾಗಿರುವ ಹೊತ್ತು ಯಾವುದೆಂದು ಮನೆಯವರನ್ನೂ ಕೇಳಿ. ಕೀಮೋಥೆರಪಿ ಪಡೆದವರಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆಯಾದ್ದರಿಂದ ನಿಮಗೆ ಸಣ್ಣ ನೆಗಡಿಯಿದ್ದರೂ ಹೋಗಬೇಡಿ, ಬದಲಿಗೆ ಬೇರೊಬ್ಬರನ್ನು ಕಳಿಸಿ.

ಬೆಳಕು ಮತ್ತು ಜಾಗ

ಫ್ಲ್ಯಾಷ್ ಬೇಡ. ಬಳಲಿದ ಕಣ್ಣಿಗೆ ಅದು ಹಿಂಸೆ, ಒಳಗಿಳಿದ ಕೆನ್ನೆಯ ಮೇಲೆ ಕ್ರೂರ. ಕೋಣೆಯ ಕಿಟಕಿ ಸಾಕು: ಬಿಸಿಲು ನೇರವಾಗಿ ಬೀಳುತ್ತಿದ್ದರೆ ತೆಳು ಬಿಳಿ ಪಂಚೆಯನ್ನು ಅಡ್ಡ ಕಟ್ಟಿ, ಮುಖದ ಇನ್ನೊಂದು ಬದಿಗೆ ಬಿಳಿ ದುಪ್ಪಟಿ ಹಿಡಿಸಿದರೆ ಕಣ್ಣ ಕೆಳಗಿನ ನೆರಳು ತಿಳಿಯಾಗುತ್ತದೆ. ಹಗಲು ಬೆಳಕು ಸಾಕಷ್ಟಿದ್ದರೆ ಟ್ಯೂಬ್‌ಲೈಟ್ ಆರಿಸಿ, ಏಕೆಂದರೆ ಎರಡು ಬಣ್ಣದ ಬೆಳಕು ಬೆರೆತರೆ ಬಿಳಿಚಿದ ಚರ್ಮ ಹಸಿರಾಗಿ ಕಾಣುತ್ತದೆ. ಆರಿಸಲಾಗದಿದ್ದಲ್ಲಿ, ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾಗಿದ್ದು ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆಂಬುದನ್ನು ನೆನಪಿಟ್ಟು, ಶಟರ್ ವೇಗವನ್ನು 1/100 ಸೆಕೆಂಡಿಗೆ ಇಡಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಇದೇ ಬೆಳಕು ಪಟ್ಟೆಪಟ್ಟೆಯಾಗಿ ಮೂಡುವ ಸಂಭವವಿದೆ, ಮೊದಲೇ ಒಂದು ಚಿತ್ರ ತೆಗೆದು ಪರೀಕ್ಷಿಸಿ. ಗುಂಪಿನ ಚಿತ್ರಕ್ಕೆ ಅಪರ್ಚರ್ (ಲೆನ್ಸಿನ ತೆರವು) ಎಫ್/4, ಐಎಸ್‌ಒ (ಬೆಳಕಿನ ಸಂವೇದನೆ) 1600ರ ಆಸುಪಾಸಿನಿಂದ ಆರಂಭಿಸಬಹುದು.

ಕ್ಯಾಮೆರಾ ರೋಗಿಯ ಕಣ್ಣಿನ ಮಟ್ಟದಲ್ಲಿರಲಿ, ಅದಕ್ಕಾಗಿ ನೆಲದ ಮೇಲೆ ಕೂರಬೇಕಾದರೆ ಕೂರಿ. ಮಂಚದ ಪಕ್ಕ ನಿಂತು ಮೇಲಿನಿಂದ ತೆಗೆದ ಚಿತ್ರದಲ್ಲಿ ಮನುಷ್ಯರಿಗಿಂತ ಮೊದಲು ಕಾಯಿಲೆ ಕಾಣುತ್ತದೆ. ದಾದಿ ಒಪ್ಪಿದರೆ ಬೆನ್ನಿಗೆ ದಿಂಬು ಕೊಟ್ಟು ತಲೆಯ ಭಾಗವನ್ನು ಎತ್ತರಿಸಿ. ನೀವಾಗಿ ರೋಗಿಯನ್ನು ಎತ್ತುವುದು, ಸರಿಸುವುದು ಬೇಡ. ಮೂಗಿನ ನಳಿಕೆ, ಕೈಯ ಸೂಜಿ ಕಾಣದಂತೆ ಶಾಲು ಹೊದಿಸಬಹುದು ಅಥವಾ ಇನ್ನೊಂದು ಬದಿಯಿಂದ ತೆಗೆಯಬಹುದೇ ಹೊರತು ಯಾವುದನ್ನೂ ಬಿಚ್ಚುವಂತಿಲ್ಲ. ಕೂದಲು ಉದುರಿದ್ದರೆ ಪೇಟವೋ ಸೆರಗೋ ಅಥವಾ ಹಾಗೇ ಇರಲೋ ಎಂದು ಅವರನ್ನೇ ಕೇಳಿ.

ಆಮ್ಲಜನಕ ಕೊಡುತ್ತಿರುವ ಕೋಣೆಯಲ್ಲಿ ದೀಪ, ಊದುಬತ್ತಿ, ಕೇಕಿನ ಮೇಲಿನ ಮೋಂಬತ್ತಿ ಯಾವುದನ್ನೂ ಹಚ್ಚಕೂಡದು. ಆಮ್ಲಜನಕ ಸೇರಿದ ಗಾಳಿಯಲ್ಲಿ ಬಟ್ಟೆಗೆ ತಗುಲಿದ ಕಿಡಿ ಕ್ಷಣದಲ್ಲಿ ಹಬ್ಬುತ್ತದೆ. ‘ದೇವರ ಮುಂದೆ ಒಂದು ಫೋಟೊ’ ಎಂದು ಮನೆಯವರು ಕೇಳಿದಾಗ ಇದನ್ನು ಮೃದುವಾಗಿಯೇ ಹೇಳಿ, ಆದರೆ ಹೇಳದೆ ಇರಬೇಡಿ.

ಚಿತ್ರ ತೆಗೆಯುವ ಕ್ರಮ

ಮೊದಲು ಇಡೀ ಕುಟುಂಬ. ರೋಗಿಯ ಶಕ್ತಿ ಇಪ್ಪತ್ತು ನಿಮಿಷದಲ್ಲಿ ಮುಗಿಯಬಹುದಾದ್ದರಿಂದ ಉಳಿದವರನ್ನು ಮೊದಲೇ ಕೂರಿಸಿ, ನಿಲ್ಲಿಸಿ, ಬೆಳಕು ನೋಡಿಕೊಂಡು ಆಮೇಲೆ ರೋಗಿಯನ್ನು ನಡುವೆ ಕರೆತರಿಸಿ. ನಂತರ ಗಂಡ-ಹೆಂಡತಿ, ಆಮೇಲೆ ಮಕ್ಕಳು, ಮೊಮ್ಮಕ್ಕಳು ಒಬ್ಬೊಬ್ಬರಾಗಿ. ‘ಅಮ್ಮಾ, ಸ್ವಲ್ಪ ಮಗಳ ಕಡೆ ನೋಡ್ತೀರಾ?’ ಎಂದರೆ ಸಾಕು, ನಗಿ ಎಂದು ಹೇಳಬೇಕಿಲ್ಲ. ಮಗಳು ಬೆವರು ಒರೆಸುವಾಗ, ಸೊರಗಿ ಬಳೆ ಮೊಣಕೈವರೆಗೆ ಜಾರುವ ಆ ಕೈಯನ್ನು ಮೊಮ್ಮಗು ಹಿಡಿದಾಗ ಹತ್ತಿರದಿಂದ ಕೈಗಳದ್ದೇ ಒಂದು ಚಿತ್ರ ತೆಗೆಯಿರಿ. ಒಬ್ಬರದೇ ಚಿತ್ರಕ್ಕಾಗಿ ಎಲ್ಲರನ್ನೂ ದೂರ ಕಳಿಸಬೇಡಿ. ಆ ಖಾಲಿ ಕೋಣೆಯ ಅರ್ಥ ರೋಗಿಗೆ ತಕ್ಷಣ ತಿಳಿಯುತ್ತದೆ. ಅವರು ಯಾರದೋ ಮಾತು ಕೇಳುತ್ತ ತಿರುಗಿದಾಗ ಅದನ್ನು ತೆಗೆದುಕೊಳ್ಳಬಹುದು.

ತಿದ್ದುವಾಗ ಕಾಮಾಲೆಯ ಹಳದಿಯನ್ನು ತುಸು ತಗ್ಗಿಸಿ. ಚರ್ಮದ ಬಣ್ಣ ತೀರಾ ಕೆಟ್ಟಿದ್ದರೆ ಕಪ್ಪು-ಬಿಳುಪು ಮಾಡಿ. ಕೆನ್ನೆ ತುಂಬಿಸಿ, ಸುಕ್ಕು ಅಳಿಸಿದರೆ ಮನೆಯವರಿಗೆ ಅದು ತಮ್ಮವರ ಮುಖ ಅನ್ನಿಸುವುದಿಲ್ಲ. 8x12 ಅಂಗುಲದ ಮುದ್ರಣಕ್ಕೆ 2400x3600 ಪಿಕ್ಸೆಲ್ ಸಾಕು. ಎರಡು ಮೂರು ದಿನಗಳೊಳಗೆ, ಸಾಧ್ಯವಾದರೆ ಮರುದಿನವೇ, ಮುದ್ರಿಸಿದ ಪ್ರತಿಯನ್ನು ರೋಗಿಯ ಕೈಗೇ ಕೊಡಿ. ಪೆನ್‌ಡ್ರೈವ್ ಮಕ್ಕಳಿಗೆ ಕೊಡಿ, ದೂರದ ಊರಿನ ಮಕ್ಕಳಿಗೂ ಒಂದೊಂದು ಪ್ರತಿ ಇರಲಿ.

ಬರಹದ ಒಪ್ಪಿಗೆಯಿಲ್ಲದೆ ಒಂದು ಚಿತ್ರವನ್ನೂ ಸಾಮಾಜಿಕ ಜಾಲತಾಣಕ್ಕೆ ಹಾಕಬಾರದು. ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ಈ ಮಾತು ಅನ್ವಯಿಸುತ್ತದೆ. ಫೈಲುಗಳನ್ನು ಎರಡು ಬೇರೆ ಹಾರ್ಡ್‌ಡಿಸ್ಕ್‌ಗಳಲ್ಲಿ, ಮನೆಯವರ ಹೆಸರು ಮತ್ತು ತಿಂಗಳು ಬರೆದು ಇಟ್ಟುಕೊಳ್ಳಿ. ತಿಥಿಯ ಹಿಂದಿನ ರಾತ್ರಿ ದೊಡ್ಡ ಪ್ರತಿ ಬೇಕೆಂದು ಮಗನೋ ಅಳಿಯನೋ ಫೋನ್ ಮಾಡಿದರೆ ಅದು ಕೂಡಲೇ ಕೈಗೆ ಸಿಗಬೇಕು.